ತಳ ಕೂರದ ಕೆಸರು

ಬೋದಿಲ್ ಆ ಬೆಳಿಗ್ಗೆ ಮೂರನೇ ಸಲ ಗಾಜು ತುಂಬಿಸಿದಳು. ಮೂರನೇ ಸಲವೂ ಅದು ಅವಳ ಮಾತು ಕೇಳಲಿಲ್ಲ. ಒಂದು ಲೀಟರಿನ ಉದ್ದನೆಯ ಅಳತೆಗಾಜು, ಅದರೊಳಗೆ ಗಾಳಿಕೊಳದಿಂದ ಮೊಗೆದ ಕೆಸರುನೀರು. ಒಳ್ಳೆಯ ಕೆಸರಾದರೆ ಅರ್ಧ ಗಂಟೆಯೊಳಗೆ ತಾನಾಗಿ ಇಳಿದು ಗಾಜಿನ ಬುಡದಲ್ಲಿ ಮುದ್ದೆಯಾಗಿ ಕೂರಬೇಕು, ಮೇಲೆ ತಿಳಿನೀರು ನಿಲ್ಲಬೇಕು. ಇದು ಹಿಂಜಿದ ಹತ್ತಿಯ ಹಾಗೆ ಗಾಜಿನ ತುಂಬ ಉಬ್ಬಿಕೊಂಡು, ಬೆರಳಗಲ ಮಾತ್ರ ಇಳಿದು, ಮುಂದಕ್ಕೆ ಹೋಗಲು ಮನಸ್ಸಿಲ್ಲದ ಎಮ್ಮೆಯಂತೆ ಅಲ್ಲೇ ನಿಂತುಬಿಟ್ಟಿತು. ಗಂಟೆ ಎಷ್ಟಾಯಿತೆಂದು ನೋಡಿದಳು. ತಮ್ಮ ಓಲುಫ್ ಟ್ಯಾಂಕರು ತೆಗೆದುಕೊಂಡು ಹೊರಟಿರುತ್ತಾನೆ. ಗಾಜನ್ನು ಬಚ್ಚಲಿಗೆ ಸುರಿದು, ಏಪ್ರನ್ನಿಗೆ ಕೈ ಒರೆಸಿಕೊಂಡು, ಒರೆಸಿದ ಕೈಯನ್ನು ಮತ್ತೆ ಒರೆಸಿಕೊಂಡಳು.

ಗ್ರೋವಿಗ್ ಊರಿನ ಕೊಳೆನೀರೆಲ್ಲ ಬೋದಿಲ್ ನೋಡಿಕೊಳ್ಳುವ ಈ ಶುದ್ಧೀಕರಣ ಘಟಕಕ್ಕೇ ಬರುತ್ತದೆ. ನೀರಿಗೆ ಗಾಳಿ ಊದುವ ಗಾಳಿಕೊಳದಲ್ಲಿ ಕಣ್ಣಿಗೆ ಕಾಣದ ಜೀವಿಗಳು ಆ ಕೊಳೆಯನ್ನು ತಿಂದು, ಬೆಳೆದು, ಒಂದಕ್ಕೊಂದು ಅಂಟಿಕೊಂಡು ಕಂದು ಚೂರುಗಳಾಗುತ್ತವೆ. ಕೆಸರು ಅಂದರೆ ಅದೇ. ಅಲ್ಲಿಂದ ಅದು ದುಂಡು ಕೊಳಕ್ಕೆ ಹೋಗಿ ತಳ ಸೇರಬೇಕು, ತಿಳಿನೀರು ಅಂಚು ದಾಟಿ ಕೊಲ್ಲಿಗೆ ಇಳಿಯಬೇಕು. ಜೀವಿಗಳು ಎಷ್ಟೇ ಚೆನ್ನಾಗಿ ಉಂಡರೂ, ಉಂಡ ಮೇಲೆ ತೆಪ್ಪಗೆ ಕೂರದಿದ್ದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಜೋರು ಮಳೆ ಬಂದು ನೀರು ಏರಿತೆಂದರೆ ಕೆಸರೂ ಅಂಚು ಹಾರಿ ಸಮುದ್ರದ ಪಾಲಾಗುತ್ತದೆ. ಈ ಕಸುಬಿನವರ ಮಾನ ಮರ್ಯಾದೆಯೆಲ್ಲ ಇರುವುದು ಆ ಗಾಜಿನ ಬುಡದಲ್ಲಿ.

ಬೋದಿಲಳ ಮಾನವಂತೂ ಅಲ್ಲಿ ವರ್ಷಗಟ್ಟಲೆ ಗಟ್ಟಿಯಾಗಿ ಕೂತಿತ್ತು. ಕೊಲ್ಲಿಯ ಸುತ್ತಲಿನ ಅಷ್ಟೂ ಘಟಕಗಳಲ್ಲಿ ಗ್ರೋವಿಗ್‌ನ ಕೆಸರೆಂದರೆ ಕೆಸರು. ಇಲ್ಲಿಯವರದೊಂದು ಪದ್ಧತಿ ಇದೆ. ಯಾರದಾದರೂ ಕೊಳದ ಜೀವಿಗಳು ಸತ್ತುಹೋದರೆ, ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ, ಇನ್ನೊಂದು ಘಟಕದಿಂದ ಟ್ಯಾಂಕರಿನಲ್ಲಿ ಜೀವಂತ ಕೆಸರು ತಂದು ಸುರಿದುಕೊಳ್ಳುತ್ತಾರೆ. ಕೇಳಿದವರಿಗೆ ಇಲ್ಲ ಅನ್ನುವಂತಿಲ್ಲ, ದುಡ್ಡು ತೆಗೆದುಕೊಳ್ಳುವಂತಿಲ್ಲ. ಆದರೆ ತುಂಬಿಸುವ ಮೊದಲು ಕೊಡುವವರೂ ಕೇಳಿ ಬಂದವರೂ ಗಾಜಿನ ಮುಂದೆ ಅರ್ಧ ಗಂಟೆ ಒಟ್ಟಿಗೆ ನಿಲ್ಲಬೇಕು. ಕಾಫಿ ಕೊಡುವವರದು, ದಾಲ್ಚಿನ್ನಿ ಹಾಕಿದ ಸುರುಳಿ ಬನ್ನು ಬಂದವರದು. ಕೆಸರು ಕೂತ ಮೇಲೇ ಪಂಪು ಶುರು. ಬೋದಿಲ್ ಎಷ್ಟೋ ಜನರಿಗೆ ಹೀಗೆ ಕೊಟ್ಟಿದ್ದಳು. ಯಾರ ಹತ್ತಿರವೂ ಕೇಳಿರಲಿಲ್ಲ. ಅದನ್ನು ಹೇಳಿಕೊಳ್ಳುವುದನ್ನೂ ಬಿಟ್ಟಿರಲಿಲ್ಲ.

ಇಷ್ಟಾದರೂ ಕೆಸರು ಯಾಕೆ ಹೀಗೆ ತಳ ಕೂರದೆ ಎದ್ದಿತು ಅಂದರೆ, ಅವಳ ಕೈಯಾರೆಯೇ. ಚಳಿಯಲ್ಲಿ ಜೀವಿಗಳು ಮಂದವಾಗುತ್ತವೆ, ಅದಕ್ಕೇ ಇಲ್ಲಿಯವರು ಚಳಿಗಾಲಕ್ಕೆ ಸೌದೆ ಕೂಡಿಟ್ಟಂತೆ ಕೆಸರು ಕೂಡಿಡುತ್ತಾರೆ. ಬೋದಿಲ್ ಉಳಿದವರಿಗಿಂತ ಒಂದು ಕೈ ಹೆಚ್ಚು ಕೂಡಿಟ್ಟಳು, ಒಂದು ಹನಿಯನ್ನೂ ಹೊರಹಾಕಲಿಲ್ಲ. ಕೆಸರು ಮುದಿಯಾಯಿತು, ಕ್ರಿಸ್‌ಮಸ್ಸಿಗೆ ಊರವರು ಹುರಿದ ಬಾತುಗಳ ಕೊಬ್ಬೆಲ್ಲ ಅದಕ್ಕೆ ಬಂದು ಸೇರಿತು. ಆ ಕೊಬ್ಬು ತಿಂದು ಬೆಳೆಯುವ ಬೇರೆಯೇ ಒಂದು ಕುಲವಿದೆ, ಕೂದಲಿನಂಥ ಎಳೆಗಳದ್ದು. ಸೂಕ್ಷ್ಮದರ್ಶಕದಲ್ಲಿ ಅವಳು ಅವನ್ನು ನೋಡಿದ್ದಳು. ಒಂದು ಚೂರಿನಿಂದ ಇನ್ನೊಂದಕ್ಕೆ ಅಡ್ಡಡ್ಡ ಚಾಚಿಕೊಂಡು, ಯಾವುದನ್ನೂ ಯಾವುದರ ಹತ್ತಿರಕ್ಕೂ ಬಿಡದೆ, ನಡುವೆ ನೀರು ತುಂಬಿಕೊಂಡು ನಿಂತಿದ್ದವು. ಮದ್ದು ಅವಳಿಗೆ ಗೊತ್ತಿಲ್ಲದ್ದೇನಲ್ಲ: ಅರ್ಧಕ್ಕರ್ಧ ಕೆಸರು ಹೊರಹಾಕಬೇಕು, ಬೇರೆ ಕಡೆಯಿಂದ ಹೆಪ್ಪು ತರಬೇಕು. ಹಾಗಂದರೆ ಕೇಳಬೇಕು. ಕೇಳಬೇಕು ಅಂದರೆ ಹೇಳಬೇಕು.

ಹೇಳಲಿಲ್ಲ. ಬದಲಿಗೆ ಆ ಕೆಸರನ್ನು ಹಿಂಡಿ ನೋಡಿದಳು. ಹಿಂಡುವ ಯಂತ್ರದಿಂದ ಪ್ರತಿವರ್ಷ ತೇವದ ಮಣ್ಣಿನಂತೆ ಉದುರುದುರಾಗಿ ಬರುತ್ತಿದ್ದದ್ದು ಈಗ ಗಂಜಿಯ ಹಾಗೆ ಪಟ್ಟಿಯಿಂದ ಜಾರಿ ಬೀಳುತ್ತಿತ್ತು. ಗೊಬ್ಬರಕ್ಕೆಂದು ಅದನ್ನು ಒಯ್ಯುವ ರೈತ ಥೋರ್ಕಿಲ್, ಹೊಲದಲ್ಲಿ ಹಾಕಿದ ರಾಶಿ ಸಂಜೆಯೊಳಗೆ ಹರಿದು ದಾರಿಗೆ ಬಂತೆಂದೂ, ಮುಂದಿನ ಸಲ ಗಾಡಿಯ ಬದಲು ಸೌಟು ತರುವೆನೆಂದೂ ಹೇಳಿ ಹೋಗಿದ್ದ. ಯಂತ್ರ ಹಳೆಯದಾಯಿತು ಅಂದಳು ಬೋದಿಲ್. ಪಾಪ, ಯಂತ್ರಕ್ಕೆ ಬಾಯಿಲ್ಲ.

ಇದೆಲ್ಲ ಇದ್ದದ್ದೇ ಅಂದುಕೊಳ್ಳಬಹುದಿತ್ತು, ಹೋದ ವಸಂತದ ಆ ಊಟವೊಂದು ಇಲ್ಲದಿದ್ದರೆ. ಕೊಲ್ಲಿಯ ಘಟಕದವರೆಲ್ಲ ವರ್ಷಕ್ಕೊಮ್ಮೆ ಸೇರುತ್ತಾರೆ, ಉಪ್ಪಿನಲ್ಲಿ ನೆನೆಸಿದ ಹೆರಿಂಗ್ ಮೀನು, ಕಪ್ಪು ರೊಟ್ಟಿ, ಸಣ್ಣ ಲೋಟಗಳಲ್ಲಿ ಶ್ನಾಪ್ಸ್ ಸಾರಾಯಿ. ಆಚೆ ದಡದ ಎಲ್ಸುಂಡ್ ಘಟಕ ಓಲುಫನದು. ಆ ವರ್ಷ ಅವನ ಕೆಸರು ಎದ್ದು, ಒಂದು ಮಳೆಗೆ ಅಂಚು ಹಾರಿ ಕೊಲ್ಲಿ ಸೇರಿತ್ತು. ಅಲ್ಲೇ ಚಿಪ್ಪುಮೀನು ಬೆಳೆಸುವ ಹಗ್ಗಗಳಿವೆ. ಆ ಹಂಗಾಮಿನ ಮೀನೆಲ್ಲ ಮಾರುವಂತಿಲ್ಲ ಎಂದಾಯಿತು, ಅವನಿಗೆ ಮೇಲಿನವರಿಂದ ಎಚ್ಚರಿಕೆ ಬಂತು. ಊಟದ ನಡುವೆ ಅವನು ಎದ್ದು ನಿಂತು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿ, ಏನು ಮಾಡಿದರೆ ಸರಿಯಾಗುತ್ತದೆ ಎಂದು ಕೇಳಿದ. ಎರಡು ಲೋಟ ಇಳಿಸಿದ್ದ ಅಕ್ಕ ಬಾಯಿ ಹಾಕಿದಳು.

"ಕೆಸರು ಯಜಮಾನನ ಮುಖ ನೋಡಿ ಕೂರತ್ತೆ, ಓಲುಫ್. ಯಜಮಾನನೇ ಮಲಗಿದ್ರೆ ಅದು ಎದ್ದು ತಿರುಗಾಡ್ದೆ ಇನ್ನೇನು ಮಾಡತ್ತೆ."

ಮೇಜಿನ ಉದ್ದಕ್ಕೂ ನಗು ಉರುಳಿತು. ಓಲುಫನೂ ನಕ್ಕ, ಫೋರ್ಕು ಕೆಳಗಿಟ್ಟ, ಮತ್ತೆ ಎತ್ತಿಕೊಳ್ಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಕ್ರಿಸ್‌ಮಸ್ಸಿಗೆ ಅವನು ಅಕ್ಕನ ಮನೆಗೆ ಬರಲಿಲ್ಲ. ಬೋದಿಲ್ ಅಕ್ಕಿಯ ಪಾಯಸ ಮಾಡಿ ಒಬ್ಬಳೇ ತಿಂದಳು. ಅದರಲ್ಲಿ ಒಂದೇ ಒಂದು ಇಡೀ ಬಾದಾಮಿ ಹಾಕಿಟ್ಟು, ಯಾರ ಬಾಯಿಗೆ ಬರುತ್ತದೋ ಅವರಿಗೆ ಉಡುಗೊರೆ ಕೊಡುವುದು ವಾಡಿಕೆ. ಒಬ್ಬಳೇ ತಿನ್ನುವವಳಿಗೆ ಬಾದಾಮಿ ಸಿಕ್ಕೇ ಸಿಗುತ್ತದೆ. ಅವಳು ಅದನ್ನು ತಟ್ಟೆಯ ಅಂಚಿನಲ್ಲಿಟ್ಟು ಎದ್ದುಬಿಟ್ಟಳು.

ಅಂಥವನು ನಿನ್ನೆ ತಾನಾಗಿ ಫೋನು ಮಾಡಿದ್ದ. ಅವನ ಕೊಳ ಸತ್ತಿತ್ತು. ಯಾರೋ ಏನೋ ವಿಷವನ್ನು ಚರಂಡಿಗೆ ಸುರಿದಿದ್ದರು, ಯಾರೆಂದು ಗೊತ್ತಿಲ್ಲ, ಒಂದೇ ದಿನದಲ್ಲಿ ಕಂದು ಕೊಳ ಬೂದಿಬಣ್ಣಕ್ಕೆ ತಿರುಗಿತ್ತು. ಶನಿವಾರಕ್ಕೆ ಪಶ್ಚಿಮದಿಂದ ದೊಡ್ಡ ಮಳೆ ಬರುವುದಿತ್ತು. ಅಷ್ಟರೊಳಗೆ ಜೀವಂತ ಕೆಸರು ಬಿದ್ದು ನೆಲೆಯಾಗದಿದ್ದರೆ ಮತ್ತೆ ಹೊಲಸು ಕೊಲ್ಲಿಗೆ. ಇನ್ನೊಮ್ಮೆ ಹಾಗಾದರೆ ಬೀಗದಕೈ ಕೊಟ್ಟು ಮನೆಗೆ ನಡೆ ಅಂತ ಅವನಿಗೆ ಹೇಳಿಯೇ ಇದ್ದರು. ಅವನು ಇದನ್ನೆಲ್ಲ ಹೇಳಿ ಮುಗಿಸುವ ಮೊದಲೇ ಬೋದಿಲ್, ಬಾ, ನಾಳೆನೇ ಬಾ, ಅಂದುಬಿಟ್ಟಿದ್ದಳು. ಬಾಯಿ ಅಂದದ್ದು, ತಲೆಗೆ ಆಮೇಲೆ ಗೊತ್ತಾಯಿತು. ವರ್ಷವಾದ ಮೇಲೆ ತಮ್ಮನ ದನಿ ಕೇಳಿದ ಸಂತೋಷದಲ್ಲಿ ಅವಳು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾರದೆ ಹೋದಳು. ಎದ್ದ ಕೆಸರನ್ನು ಅವನಿಗೆ ಕೊಟ್ಟರೆ ಮೊದಲ ಮಳೆಗೇ ಅದು ಅಂಚು ಹಾರುತ್ತದೆ, ಅವನ ಕೆಲಸ ಹೋಗುತ್ತದೆ. ನನ್ನದೂ ಎದ್ದಿದೆ ಎಂದು ಹೇಳಿದರೆ, ಮಲಗಿದ ಯಜಮಾನರ ಪಟ್ಟಿಗೆ ತನ್ನ ಹೆಸರೂ ಸೇರುತ್ತದೆ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಟ್ಯಾಂಕರು ಗೇಟಿನೊಳಗೆ ಬಂದಾಗ ಗಾಳಿ ಜೋರಾಗಿತ್ತು. ಚಾಲಕ ಐನರ್ ಕೆಳಗಿಳಿಯದೆ ಪತ್ರಿಕೆ ಬಿಡಿಸಿದ. ಓಲುಫ್ ಇಳಿದ. ಸೊರಗಿದ್ದ, ಗಡ್ಡ ಬೆಳೆದಿತ್ತು, ಕೈಯಲ್ಲಿ ಬೇಕರಿಯ ಕಾಗದದ ಪೊಟ್ಟಣ. ಅಕ್ಕನನ್ನು ತಬ್ಬಿಕೊಳ್ಳಬೇಕೋ ಬೇಡವೋ ತಿಳಿಯದೆ ಪೊಟ್ಟಣವನ್ನೇ ಮುಂದೆ ಚಾಚಿದ. ಅವಳು ಅದನ್ನು ತೆಗೆದುಕೊಂಡು, ತೆಳ್ಳಗಾಗಿದೀಯ ಅಂದಳು. ಅವನು, ನೀನು ಆಗಿಲ್ಲ ಅಂದ. ಇಬ್ಬರಿಗೂ ಸ್ವಲ್ಪ ಉಸಿರು ಬಂತು.

ಕೊಳದ ಅಂಚಿಗೆ ಹೋದರು. ಬೋದಿಲ್ ಪ್ರತಿಸಲದಂತೆ ಮೊದಲು ಬಕೆಟ್ಟನ್ನು ತಿಳಿನೀರಿನಿಂದ ತೊಳೆದಳು. ತೊಳೆದ ನೀರನ್ನು ಚೆಲ್ಲಬೇಕು. ಓಲುಫ್ ಬೆನ್ನು ತಿರುಗಿಸಿ ಆಚೆ ದಡದತ್ತ ನೋಡುತ್ತ, ಟಿಟ್ಟಿಭ ಹಕ್ಕಿಗಳು ಈ ಸಲ ಬೇಗ ಬಂದವು ಅಂತೇನೋ ಹೇಳುತ್ತಿದ್ದ. ಬಕೆಟ್ಟಿನಲ್ಲಿ ಅರ್ಧದವರೆಗೆ ನೀರಿತ್ತು. ಅವಳು ಚೆಲ್ಲಲಿಲ್ಲ, ಅಷ್ಟೇ. ಉದ್ದ ಹಿಡಿಯ ಸೌಟಿನಿಂದ ಕೆಸರನ್ನು ಮೊಗೆದು ಅದರ ಮೇಲೆಯೇ ಸುರಿದಳು. ಮಾಡಿದ್ದು ಏನೂ ಇಲ್ಲ, ಮಾಡದೆ ಬಿಟ್ಟದ್ದು ಅಂತ ಆಮೇಲೆ ತನಗೆ ತಾನೇ ಹೇಳಿಕೊಂಡಳು. ಕಳ್ಳರೆಲ್ಲ ಇಂಥ ಒಂದು ಮಾತನ್ನು ಜೇಬಿನಲ್ಲಿಟ್ಟುಕೊಂಡೇ ಹೊರಟಿರುತ್ತಾರೆ.

ನೀರು ಬೆರೆತ ಕೆಸರಿನಲ್ಲಿ ಎಳೆಗಳಿಗೆ ಒಂದನ್ನೊಂದು ಹಿಡಿಯಲು ಆಗುವುದಿಲ್ಲ. ಗಾಜು ತುಂಬಿಸಿ ಮೇಜಿನ ಮೇಲಿಟ್ಟು ಕಾಫಿ ಸುರಿಯುವಷ್ಟರಲ್ಲಿ ಅದು ಇಳಿಯತೊಡಗಿತು. ಗೆರೆ ಕಟ್ಟಿಕೊಂಡು, ಸರಸರನೆ, ಅವಳು ಮೂರು ಗಾಜುಗಳ ಮುಂದೆ ಕೂತು ಬೇಡಿಕೊಂಡಿದ್ದ ಹಾಗೆಯೇ. ಮೇಲಿನ ನೀರು ಕಣ್ಣಿನಷ್ಟು ತಿಳಿ. ಓಲುಫ್ ಮೊಣಕೈ ಊರಿ, ಮುಖವನ್ನು ಗಾಜಿನ ಮಟ್ಟಕ್ಕೆ ತಂದು ನೋಡುತ್ತಿದ್ದ. ಬೋದಿಲ್ ಗಾಜನ್ನು ನೋಡಲಾರದೆ ಅವನನ್ನೇ ನೋಡಿದಳು, ಅವನನ್ನೂ ನೋಡಲಾರದೆ ಎದ್ದು ಕಿಟಕಿ ಹಾಕಿದಳು, ಸೆಖೆಯೆಂದು ಮತ್ತೆ ತೆರೆದಳು. ಸುರುಳಿಯನ್ನು ಮುರಿದು ಮುರಿದು ಪುಡಿ ಮಾಡಿದಳೇ ಹೊರತು ಬಾಯಿಗೆ ಒಂದು ಚೂರು ಹಾಕಲಿಲ್ಲ.

ಕೆಸರು ಬುಡ ಮುಟ್ಟಿ ಕೂತಿತು. ಓಲುಫ್ ಬೆನ್ನು ನೆಟ್ಟಗೆ ಮಾಡಿದ.

"ಹೋದ್ವರ್ಷ ನೀನಂದಿದ್ದು ಸರಿ ಇತ್ತು ಬೋದಿಲ್," ಅಂದ. "ಸರಿ ಇತ್ತು ಅಂತಾನೇ ನಂಗೆ ಸಿಟ್ಟು ಬಂದಿದ್ದು. ನಾನು ಮಲಗಿದ್ದೆ. ನಿನ್ನ ಗಾಜು ನೋಡಿದ್ರೆ ಗೊತ್ತಾಗತ್ತೆ, ಎದ್ದಿರೋರ ಕೆಸರು ಹೇಗಿರತ್ತೆ ಅಂತ."

ಇಡೀ ಚಳಿಗಾಲ ಅವಳು ಮನಸ್ಸಿನಲ್ಲೇ ಅವನಿಂದ ಈ ಮಾತು ಹೇಳಿಸಿದ್ದಳು. ಒಲೆ ಮುಂದೆ, ಹಾಸಿಗೆಯಲ್ಲಿ, ಕಾರಿನಲ್ಲಿ. ಈಗ ನಿಜವಾಗಿ ಹೇಳಿದಾಗ ಅವಳು ಮೇಜಿನ ಮೇಲಿನ ಸುರುಳಿಯ ಪುಡಿಯನ್ನು ಕೈಯಿಂದ ಒಟ್ಟುಮಾಡಿದಳು. ಏನೋ ಹೇಳಲು ಬಾಯಿ ತೆರೆದಳು. ಬಂದದ್ದು, ಪಂಪು ಹಾಕ್ತೀನಿ ಅನ್ನುವ ಮಾತು.

ಟ್ಯಾಂಕರು ತುಂಬಿತು. ಹೋಗುವಾಗ ಅವನು ತಬ್ಬಿಕೊಂಡೇ ಹೋದ, ಮಳೆ ಕಳೆದ ಮೇಲೆ ಭಾನುವಾರ ಊಟಕ್ಕೆ ಬರುತ್ತೇನೆ ಅಂದ. ಗೇಟು ಹಾಕಿ ಬಂದು ಬೋದಿಲ್ ಗಾಜು ತೊಳೆದಳು. ಬಕೆಟ್ ತೊಳೆದಳು. ತೊಳೆದ ಗಾಜನ್ನು ಮತ್ತೆ ತೊಳೆದಳು. ಕುರ್ಚಿಯಲ್ಲಿ ಕೂತಳು, ಎದ್ದಳು, ದುಂಡು ಕೊಳದ ಸುತ್ತ ಒಂದು ಸುತ್ತು ಹಾಕಿದಳು. ಅಂಚಿನ ಹತ್ತಿರ ಕೆಸರಿನ ಕಂದು ಮೋಡ ನೀರಿನ ಮೇಲ್ಮೈಗೆ ಕೈಗೆಟಕುವಷ್ಟು ಹತ್ತಿರ ಬಂದು ನಿಂತಿತ್ತು. ಮಳೆ ಇನ್ನೂ ಬಂದಿರಲಿಲ್ಲ. ಇದೇ ಮೋಡ ಎರಡು ದಿನದಲ್ಲಿ ಎಲ್ಸುಂಡಿನ ಕೊಳದಲ್ಲಿ ಏಳುತ್ತದೆ, ಓಲುಫ್ ಅದರ ಅಂಚಿನಲ್ಲಿ ನಿಂತು ತಾನು ಮತ್ತೆ ಮಲಗಿದ್ದೆ ಅಂತಲೇ ನಂಬುತ್ತಾನೆ. ಅಕ್ಕನ ಕೆಸರಿನ ಮೇಲೆ ಅವನಿಗೆ ಸಂಶಯವೇ ಬರುವುದಿಲ್ಲ. ತನ್ನನ್ನೇ ಬೈದುಕೊಂಡು ಬೀಗದಕೈ ಕೊಟ್ಟು ಬರುತ್ತಾನೆ. ಅವಳಿಗೆ ತಡೆಯಲಾಗದ್ದು ಅದು.

ಫೋನು ತೆಗೆದು ಅವನ ಹೆಸರು ಒತ್ತಿದಳು, ರಿಂಗಾಗುವ ಮೊದಲೇ ಕತ್ತರಿಸಿದಳು. ಲಾರಿಯೊಳಗೆ ಮಾತಾಡಿದರೆ ಐನರನಿಗೂ ಕೇಳಿಸುತ್ತದೆ, ಐನರನಿಗೆ ಕೇಳಿಸಿದ್ದು ಸಂಜೆಯೊಳಗೆ ಕೊಲ್ಲಿಯ ಎರಡೂ ದಡಕ್ಕೆ. ತಮ್ಮನ ಅನ್ನಕ್ಕೆ ಕಲ್ಲು ಬೀಳುವ ಹೊತ್ತಿನಲ್ಲೂ ಅವಳಿಗೆ ಈ ಲೆಕ್ಕ! ನಾಚಿಕೆಯಾಯಿತು. ಬೂಟು ಬದಲಿಸದೆ, ಕೆಸರಿನ ಬೂಟಿನಲ್ಲೇ ಕಾರಿಗೆ ಓಡಿದಳು.

ಕೊಲ್ಲಿ ದಾಟಿಸುವ ದೋಣಿ ಸಣ್ಣದು, ಒಂದು ಲಾರಿ ಹತ್ತಿದರೆ ನಾಲ್ಕೈದು ಕಾರಿಗೆ ಜಾಗ. ಅವಳು ದಂಡೆಗೆ ಬಂದಾಗ ಟ್ಯಾಂಕರು ಆಗಲೇ ಹತ್ತಿತ್ತು, ಹಲಗೆ ಎತ್ತುವುದೊಂದು ಬಾಕಿ. ಹಾರ್ನು ಬಡಿದಳು. ಈ ನಾಡಿನಲ್ಲಿ ಹಾರ್ನು ಬಡಿಯುವುದೆಂದರೆ ಮನೆಗೆ ಬೆಂಕಿ ಬಿದ್ದಾಗ. ದೋಣಿಯವನು ಗಾಬರಿಯಾಗಿ ನಿಂತ. ಅವಳು ಕಾರನ್ನು ಟ್ಯಾಂಕರಿನ ಬಾಲಕ್ಕೆ ತಂದು ನಿಲ್ಲಿಸಿದಳು, ಹಲಗೆ ಎದ್ದಿತು, ದೋಣಿ ದಡ ಬಿಟ್ಟಿತು. ಇನ್ನು ಇಬ್ಬರಿಗೂ ಎಲ್ಲಿಗೂ ಹೋಗುವಂತಿರಲಿಲ್ಲ.

ಓಲುಫ್ ಕಂಬಿಯ ಹತ್ತಿರ ನಿಂತಿದ್ದ. ಅವಳನ್ನು ಕಂಡು, ಏನಾದರೂ ಮರೆತೆನಾ ಅಂತ ಕೇಳಿದ. ಅವಳು ಕಂಬಿ ಹಿಡಿದುಕೊಂಡಳು.

"ಬಕೆಟ್ನಲ್ಲಿ ಮೊದ್ಲೇ ನೀರಿತ್ತು," ಅಂದಳು. "ಅರ್ಧ ನೀರು. ಚೆಲ್ಲಿಲ್ಲ ನಾನು."

ಅವನಿಗೆ ತಿಳಿಯಲಿಲ್ಲ. ಮುಖದ ಮೇಲೆ ನಗು ಇನ್ನೂ ಇತ್ತು. ಅದು ಇಳಿಯುವುದನ್ನು ಅವಳು ಪೂರ್ತಿ ನೋಡಬೇಕಾಯಿತು.

"ನಂದು ಎದ್ದಿದೆ ಓಲುಫ್. ಮಾರ್ಚಿಂದಾನೇ. ಎಳೆ ತುಂಬ್ಕೊಂಡಿದೆ. ಇದನ್ನ ನಿನ್ನ ಕೊಳಕ್ಕೆ ಬಿಡ್ಬೇಡ."

ಅವನು ಟ್ಯಾಂಕರಿನ ಹೊಟ್ಟೆಯತ್ತ ನೋಡಿದ, ನೀರಿನತ್ತ ನೋಡಿದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ದೋಣಿ ನಡುನೀರಿಗೆ ಬಂದ ಮೇಲೆ ಮಾತಾಡಿದ, ಮೆಲ್ಲಗೆ.

"ನಂದು ಎದ್ದಾಗ ನಾನು ಅಷ್ಟು ಜನರ ಮುಂದೆ ಎದ್ದು ನಿಂತು ಹೇಳ್ದೆ. ನಿಂಗೆ ಒಬ್ಬ ತಮ್ಮನ ಮುಂದೆ ಹೇಳೋಕೆ ದೋಣಿ ಹತ್ತಬೇಕಾಯ್ತು."

ಬೋದಿಲ್ ಹೌದು ಅಂದಳು.

"ಊಟದ ಮೇಜಿನ ಹತ್ರ ನಾನು ಸಹಾಯ ಕೇಳ್ದೆ. ನಿಂಗೆ ಅವತ್ತು ಗೊತ್ತಿತ್ತಾ, ಇದು ಯಾಕೆ ಏಳತ್ತೆ ಅಂತ?"

"ಗೊತ್ತಿತ್ತು."

"ಹೇಳ್ಬಹುದಿತ್ತು."

"ಹೇಳ್ಬಹುದಿತ್ತು. ನಗಿಸೋದು ಸುಲಭ ಅನ್ನಿಸ್ತು," ಅಂದಳು. ಹಾಗೆ ಹೇಳುವಾಗ ಅವಳ ಕಣ್ಣು ತುಂಬಿತು. ಕಣ್ಣೀರನ್ನು ಗಾಳಿಯ ತಲೆಗೆ ಕಟ್ಟಲು ಸಾಕಷ್ಟು ಗಾಳಿಯಿದ್ದರೂ ಅವಳು ಹಾಗೆ ಮಾಡಲಿಲ್ಲ.

ಆಚೆ ದಡ ಬಂತು. ಐನರ್ ಇಂಜಿನ್ನು ಶುರು ಮಾಡಿದ. ಓಲುಫ್ ಹೋಗಿ ಕಿಟಕಿಗೆ ಕೈಯೂರಿ, ಇಳಿಯಬೇಡ, ಇದೇ ದೋಣಿಯಲ್ಲಿ ವಾಪಸ್ಸು, ಇದನ್ನು ಗ್ರೋವಿಗ್‌ಗೇ ಸುರಿದು ಬರಬೇಕು ಅಂದ. ಯಾಕೆ ಅಂತ ಐನರ್ ಕೇಳಿದ. ಓಲುಫ್ ಅಕ್ಕನ ಕಡೆ ತಿರುಗಿದ. ಬೋದಿಲ್ ಲಾರಿಯ ಹತ್ತಿರ ಬಂದು, ಐನರನಿಗೆ ಕೇಳುವಷ್ಟು ಗಟ್ಟಿಯಾಗಿ, ನನ್ನ ಕೆಸರು ಕೂರ್ತಿಲ್ಲ ಐನರ್, ಸುಳ್ಳು ತೋರಿಸಿ ಕೊಟ್ಟೆ, ಅಂದಳು. ಐನರ್ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟ.

ಮಳೆಗೆ ಇನ್ನು ಎರಡೇ ದಿನವಿತ್ತು. ಹೆಪ್ಪು ಎಲ್ಲಿಂದಾದರೂ ಇವತ್ತೇ ಬರಬೇಕಿತ್ತು. ಅಷ್ಟು ಬೇಗ ಮುಟ್ಟಬಹುದಾದದ್ದು ಒಳನಾಡಿನ ಬ್ರೋಬೆಕ್ ಘಟಕ ಒಂದೇ, ಅಲ್ಲಿ ಇರುವವಳು ರಾಗ್ನಾ. ಅವಳ ಕೆಸರನ್ನು ಬೋದಿಲ್ ಎಷ್ಟೋ ಊಟಗಳಲ್ಲಿ ರಾಗ್ನಾಳ ಅಂಬಲಿ ಅಂತ ಕರೆದು ಮೇಜು ನಗಿಸಿದ್ದಳು. ಓಲುಫ್ ಫೋನು ತೆಗೆಯಲು ಜೇಬಿಗೆ ಕೈ ಹಾಕಿದ. ಬೋದಿಲ್ ಅವನ ತೋಳು ಹಿಡಿದು ತಡೆದು, ತನ್ನದನ್ನು ತೆಗೆದಳು.

ರಾಗ್ನಾ ತಕ್ಷಣವೇ ಎತ್ತಿದಳು. ಬೋದಿಲ್ ಸುತ್ತಿ ಬಳಸಿ ಹೇಳಲಿಲ್ಲ. ತಮ್ಮನ ಕೊಳ ಸತ್ತಿದೆ, ನನ್ನ ಕೆಸರು ಎದ್ದಿದೆ, ನಾನು ಕೊಡುವ ಸ್ಥಿತಿಯಲ್ಲಿಲ್ಲ, ನಿನ್ನ ಹತ್ತಿರ ಕೇಳಲು ಫೋನು ಮಾಡಿದೆ ಅಂದಳು. ಆ ಕಡೆ ಪಂಪೊಂದು ಓಡುವುದು ಕೇಳಿಸುತ್ತಿತ್ತು. ಬೋದಿಲ್ ಕಣ್ಣು ಮುಚ್ಚಿ, ಬರಬೇಕಾದ ಮಾತಿಗೆ ಬೆನ್ನು ಕೊಟ್ಟು ಕಾದಳು.

"ಅಂಬಲಿ ನಡೆಯತ್ತಾ ನಿಂಗೆ?" ಅಂದಳು ರಾಗ್ನಾ.

"ನಡೆಯತ್ತೆ," ಅಂದಳು ಬೋದಿಲ್. "ಹೇಗೆ ಮಾಡ್ತೀಯ ಅಂತಾನೂ ಹೇಳ್ಕೊಡ್ಬೇಕು."

ರಾಗ್ನಾ ನಗಲಿಲ್ಲ. ಎಷ್ಟು ಬೇಕು, ಒಂದು ಟ್ಯಾಂಕರು ಸಾಕಾ ಅಂತ ಕೇಳಿದಳು. ಬೋದಿಲ್ ಫೋನನ್ನು ಕೈಯಿಂದ ಮುಚ್ಚಿ ತಮ್ಮನ ಕಡೆ ನೋಡಿದಳು. ಅವನು ಕಂಬಿಗೆ ಒರಗಿ ನೀರು ನೋಡುತ್ತಿದ್ದ, ಮುಖ ಇತ್ತ ತಿರುಗಿಸಲಿಲ್ಲ.

"ಎರಡು ಅಂತ ಹೇಳು," ಅಂದ. "ಮೊದಲ್ನೇದು ನಂಗೆ."